ತೊಂಡೇಬಾವಿಯಲ್ಲಿ ಮೈ ಇಳಿಸಿದ್ದು

ನಾನು ದಪ್ಪಗಿದ್ದೆ. ಈಗಿನವರು ಇಷ್ಟು ಹೇಳುವುದಕ್ಕೆ ಊರೆಲ್ಲ ಸುತ್ತಿ ಬರುತ್ತಾರೆ. ಆ ಕಾಲಕ್ಕೆ ನಮ್ಮ ಶಿಡ್ಲಘಟ್ಟದಲ್ಲಿ ಯಾರಿಗೂ ಅಷ್ಟು ಪುರುಸೊತ್ತಿರಲಿಲ್ಲ. ಬೀದಿಗಿಳಿದರೆ "ಏನಮ್ಮಾ, ಮೂಟೆ ಎತ್ಲಾಗೆ ಹೊರಟ್ತು?" ಎಂದು ಮುಖದ ಮೇಲೇ ಕೇಳಿ ನಗುತ್ತಿದ್ದರು. ನಾನೂ ಜೊತೆಯಲ್ಲಿ ನಗಬೇಕು. ನಗದಿದ್ದರೆ ಧಿಮಾಕು. ನಯಾಪೈಸೆ ಬಂದು ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ವರ್ಷಗಳು ಅವು, ನನಗೆ ಹತ್ತೊಂಬತ್ತು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ; ಅಪ್ಪ, ಅಮ್ಮ, ನಾನು, ಸಣ್ಣ ತಮ್ಮಂದಿರು. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕುವ ಕೆಲಸ ನನ್ನದು. ಬೆಳಿಗ್ಗೆ ಹಾಕಬೇಕು, ಮಧ್ಯಾಹ್ನ ಹಾಕಬೇಕು, ಸಂಜೆ ಹಾಕಬೇಕು. ಒಂದು ಹೊತ್ತು ತಡವಾದರೆ ಅಮ್ಮನ ಬೈಗುಳ. "ಪಾಪ, ಹಸ್ಕೊಂಡಿರ್ತವೆ ಕಣೇ!" ಹುಳು ಮೈ ತುಂಬಿಕೊಂಡಷ್ಟೂ ಗೂಡು ಗಟ್ಟಿ ಎಂದು ಹಿಗ್ಗುತ್ತಿದ್ದ ಅದೇ ಅಮ್ಮ, ನನ್ನ ತಟ್ಟೆಯ ಹತ್ತಿರ ಬಂದಾಗ ಸೌಟನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ದಸರಾ ಕಳೆದ ಮೇಲೆ ಗೌರಿಬಿದನೂರಿನಿಂದ ಹೆಣ್ಣು ನೋಡಲು ಬಂದರು. ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾನಲ್ಲಿ ಇಲ್ಲವೇ ಇಲ್ಲವೆಂಬಂತೆ, "ಮುಖ ಲಕ್ಷಣವಾಗೈತೆ. ಮೈ ಒಸಿ ಜಾಸ್ತಿ ಆಯ್ತು" ಎಂದರು. ಎಲ್ಲರೂ ನೆಲ ನೋಡಿದರು. ಆ ಹುಡುಗ ಮಾತ್ರ ತಲೆಯೆತ್ತಿ, "ಉಪ್ಪಿಟ್ಟು ಚೆನ್ನಾಗಿದೆ. ಯಾರು ಮಾಡಿದ್ದು? ಇನ್ನೊಂಚೂರು ಹಾಕಿ" ಎಂದ. ಮಾಡಿದ್ದು ನಾನು. ಬಡಿಸುವಾಗ ಅವನು ನನ್ನನ್ನು ನೋಡಿ ನಕ್ಕ. ಬೀದಿಯ ನಗುವಲ್ಲ, ಬೇರೆ ನಗು. ಅಷ್ಟಕ್ಕೇ ನಾನು ಸೋತುಹೋದೆ. ಮದುವೆ ಅಂತಾದರೆ ಇವನನ್ನೇ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡುಬಿಟ್ಟೆ. ಹೊರಡುವಾಗ ತಾಯಿ ಹೇಳಿದರು: "ಯುಗಾದಿ ಕಳೀಲಿ, ಮತ್ತೆ ಬರ್ತೀವಿ. ಅಷ್ಟರಲ್ಲಿ ಹುಡುಗೀನ ಒಸಿ ಇಳ್ಸಿ."

ಇಳಿಸಿ ಅಂತೆ! ಅಟ್ಟದ ಮೇಲಿನ ಪಾತ್ರೆಯೇ ನಾನು?

ಅವತ್ತಿನಿಂದ ಮನೆಯಲ್ಲಿ ಅದೇ ಚರ್ಚೆ. ಅಪ್ಪ ಚಿಕ್ಕಬಳ್ಳಾಪುರದ ಡಾಕ್ಟರರನ್ನು ವಿಚಾರಿಸಿಕೊಂಡು ಬಂದರು. ಅವರು ಒಳ್ಳೆಯ ಮಾತನ್ನೇ ಹೇಳಿದ್ದರು: ಹುಡುಗಿಯನ್ನು ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ, ತೂಕ ನೋಡೋಣ, ಊಟ ಹೇಗೆಂದು ಹೇಳುತ್ತೇನೆ, ಉಪವಾಸ ಮಾತ್ರ ಕೆಡವಬೇಡಿ. ಅಪ್ಪನಿಗೆ ಇದು ಹಿಡಿಸಿತು. ಅಮ್ಮ ಹೌಹಾರಿದಳು. "ತಿಂಗ್ಳು ತಿಂಗ್ಳು ಆಸ್ಪತ್ರೆ ಮೆಟ್ಲು ಹತ್ತಿದ್ರೆ ಜನ ಏನಂತಾರೆ? ಮದ್ವೆ ಹುಡುಗಿಗೆ ಏನೋ ಕಾಯಿಲೆ ಅಂತ ಊರೆಲ್ಲ ಡಂಗುರ ಹೊಡೀತಾರೆ." ಚಿಂತಾಮಣಿಯಲ್ಲಿ ಒಬ್ಬ ಪಂಡಿತರಿದ್ದರು, ಕೊಬ್ಬು ಕರಗಿಸುವ ಲೇಹ್ಯ ಕೊಡುತ್ತಿದ್ದರು. ಅದೂ ಬೇಡವಾಯಿತು. ಅವರ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇತ್ತು, ಒಳಗೆ ಹೋದವರೆಲ್ಲ ಊರಿಗೆ ಕಾಣುತ್ತಿದ್ದರು.

ಕೊನೆಗೆ ಅಮ್ಮನೇ ಆರಿಸಿದಳು, ತೊಂಡೇಬಾವಿ. ಅಲ್ಲಿ ನನ್ನ ಸೋದರತ್ತೆ, ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಮನೆ ನೋಡಿಕೊಂಡಿದ್ದ ಗಟ್ಟಿ ಹೆಂಗಸು. "ಅತ್ತೆ ಮನೇಲಿ ನಾಲ್ಕು ತಿಂಗ್ಳು ಇದ್ದು ಬರ್ಲಿ. ಯಾರಿಗೂ ಗೊತ್ತಾಗಲ್ಲ." ನಾನು ತುಟಿ ಪಿಟಕ್ಕೆನ್ನದೆ ಒಪ್ಪಿದೆ. ಅವನಿಗಾಗಿ ಬಾವಿಗೆ ಬೀಳು ಎಂದಿದ್ದರೂ ಬೀಳುತ್ತಿದ್ದೆ. ತೊಂಡೇಬಾವಿ ಮತ್ತು ಗೌರಿಬಿದನೂರು ಒಂದೇ ರೈಲು ದಾರಿಯಲ್ಲಿವೆ, ಆ ಕಡೆಯವರು ಈ ಕಡೆ ಸಂತೆಗೆ ಬಂದು ಹೋಗುವಷ್ಟು ಹತ್ತಿರ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಬುದ್ಧಿವಂತರ ಮನೆ ನಮ್ಮದು.

ಅತ್ತೆ ಕೆಟ್ಟವಳಲ್ಲ. ಇದನ್ನು ಹೇಳದಿದ್ದರೆ ನನಗೆ ಅನ್ನ ಹುಟ್ಟುವುದಿಲ್ಲ. ಬೆಳಿಗ್ಗೆ ಜೀರಿಗೆ ನೀರು, ಮಧ್ಯಾಹ್ನ ನಿಂಬೆಹಣ್ಣಿನಷ್ಟು ಮುದ್ದೆ, ಹುರುಳಿ ಕಟ್ಟಿನ ಸಾರು, ರಾತ್ರಿ ನೀರುಮಜ್ಜಿಗೆ. ನಡುವೆ ಬಾವಿಯಿಂದ ನೀರು ಸೇದುವುದು, ರಾಗಿ ಬೀಸುವುದು, ಹೊಲಕ್ಕೆ ಹೋಗಿ ಬರುವುದು. ಮೊದಲ ವಾರ ಹಸಿವಿನಿಂದ ಅಳುತ್ತಾ ಕೂತಿದ್ದಾಗ ಅತ್ತೆ ತನ್ನ ಮುದ್ದೆಯನ್ನೂ ಮುರಿದು ಪಾತ್ರೆಗೆ ವಾಪಸ್ಸು ಹಾಕಿದಳು. "ನೀನೊಬ್ಳೇ ಯಾಕಮ್ಮಾ ಹಸ್ಕೊಂಡಿರ್ಬೇಕು? ನಾನೂ ಇರ್ತೀನಿ ನಿನ್ ಜೊತೆ." ಹಾಗೇ ಇದ್ದಳು, ಕೊನೆಯ ದಿನದವರೆಗೂ. ನನ್ನ ಜನ್ಮದಲ್ಲಿ ನನ್ನ ಜೊತೆ ಹಸಿದವಳು ಅವಳೊಬ್ಬಳೇ.

ಅಳತೆ ತಪ್ಪಬಾರದೆಂದು ಅತ್ತೆ ನನಗೊಂದು ಸಣ್ಣ ತಟ್ಟೆ, ಒಂದು ಸಣ್ಣ ಲೋಟ ಬೇರೆ ಮಾಡಿದಳು. ಊಟವಾದ ಮೇಲೆ ಅವನ್ನು ತೊಳೆದು ಉಳಿದ ಪಾತ್ರೆಗಳ ಜೊತೆ ಸೇರಿಸದೆ ಹಿತ್ತಲ ಗೋಡೆಯ ಗೂಡಿನಲ್ಲಿ ಬೋರಲು ಹಾಕುತ್ತಿದ್ದಳು. ತಕ್ಕಡಿ ಇರಲಿಲ್ಲ, ಅದಕ್ಕೆ ನನ್ನ ರೆಟ್ಟೆಗೆ ಒಂದು ಕರಿ ದಾರ ಕಟ್ಟಿ, ಸಡಿಲವಾದಂತೆಲ್ಲ ಬಿಚ್ಚಿ ಗಂಟನ್ನು ಹಿಂದಕ್ಕೆ ಹಾಕುತ್ತಿದ್ದಳು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏಮಿ ವದಿನಾ, ನಿಮ್ ಹುಡುಗಿ ಇಲ್ಲೇ ಉಳ್ಕೊಂಡ್ಳಾ?" ಎಂದು ಅರ್ಧ ತೆಲುಗಿನಲ್ಲಿ ಕೇಳಿದರೆ ಅತ್ತೆಯದು ಒಂದೇ ಉತ್ತರ. ಯಾರ ಬಾಯಿಂದಲೋ ಕೇಳಿದ್ದು, ಗೌರವದ ಮಾತು ಎಂದುಕೊಂಡಿದ್ದಳು.

"ಹವಾ ಬದಲಾವಣೆಗೆ ಬಂದವ್ಳೆ."

ಪಕ್ಕದ ಮನೆಯಾಕೆ ಒಮ್ಮೆ ಕರಿಗಡುಬು ತಂದರು. ಅತ್ತೆ ಬಾಗಿಲಲ್ಲೇ ತಡೆದು, "ಅವಳಿಗೆ ಬ್ಯಾಡಮ್ಮ, ಏನೂ ಕೊಡ್ಬೇಡಿ" ಎಂದಳು, ಯಾಕೆಂದು ಹೇಳಲಿಲ್ಲ. ಆಮೇಲೆ ಆಕೆ ತಮ್ಮ ಮಕ್ಕಳನ್ನು ನಮ್ಮ ಅಂಗಳಕ್ಕೆ ಬಿಡುವುದನ್ನು ನಿಲ್ಲಿಸಿದರು. ನಾನು ಅದನ್ನು ಗಮನಿಸಿದ್ದೆ. ಕರಿಗಡುಬಿನ ಕೋಪ ಎಂದುಕೊಂಡೆ.

ಯುಗಾದಿಗೆ ಮುಂಚೆ ಊರಿಗೆ ಬಂದೆ. ರವಿಕೆಗಳೆಲ್ಲ ಗೂಟಕ್ಕೆ ಹಾಕಿದ ಹಾಗೆ ಜೋಲುತ್ತಿದ್ದವು. ಬೀದಿಯಲ್ಲಿ ಯಾರೂ ಮೂಟೆ ಎನ್ನಲಿಲ್ಲ. ಕನ್ನಡಿಯಲ್ಲಿ ನನ್ನ ಕೆನ್ನೆಯ ಮೂಳೆ ನೋಡಿಕೊಂಡು, ಉಪ್ಪಿಟ್ಟಿಗೆ ಎಷ್ಟು ಗೋಡಂಬಿ ಹಾಕಬೇಕೆಂದು ಯೋಚಿಸುತ್ತಿದ್ದೆ. ಎಷ್ಟು ಆಸೆ ಇತ್ತು ನನಗೆ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಯುಗಾದಿ ಕಳೆಯಿತು, ಅವರು ಬರಲಿಲ್ಲ. ಸಂಬಂಧ ತಂದಿದ್ದ ಹಿರಿಯರು ಒಬ್ಬರೇ ಬಂದು ಅಂಗಳದಲ್ಲೇ ನಿಂತರು. ನಾನು ನೀರು ತಂದುಕೊಟ್ಟರೆ ಲೋಟವನ್ನು ಮುಟ್ಟಲಿಲ್ಲ. ಅಪ್ಪನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಮಾತಾಡಿದರು. ಮೆಲ್ಲಗೆಂದರೆ ನಮ್ಮ ಕಡೆಯ ಮೆಲ್ಲಗೆ, ಹುಳುವಿನ ಮನೆಯೊಳಗಿದ್ದ ಅಮ್ಮನಿಗೂ ಕೇಳಿಸಿತು.

"ಯಜಮಾನ್ರೇ, ಮೊದ್ಲೇ ಒಂದ್ಮಾತು ಹೇಳ್ಬಾರ್ದಾಗಿತ್ತಾ? ಅವ್ರು ತೊಂಡೇಬಾವೀಲೇ ವಿಚಾರಿಸ್ಕೊಂಡ್ ಬಂದವ್ರೆ. ಹವಾ ಬದಲಾವಣೆ, ಬೇರೆ ತಟ್ಟೆ, ಬೇರೆ ಲೋಟ, ರೆಟ್ಟೆಗೆ ತಾಯತ, ದಿನಾ ಒಣಗ್ತಾ ಬಂದವ್ಳೆ. ಕ್ಷಯ ಅಂತ ಮಕ್ಕಳಿಗೂ ಗೊತ್ತಾಗ್ತದೆ."

ಅಪ್ಪ ಕೂಗಾಡಿದರು, ಆಣೆ ಪ್ರಮಾಣ ಮಾಡಿದರು. ಮಾರನೆಯ ದಿನವೇ ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದರು. ಯಾವ ಮೆಟ್ಟಿಲು ಹತ್ತಿದರೆ ಮಾನ ಹೋಗುತ್ತದೆಂದು ಅಮ್ಮ ಹೆದರಿದ್ದಳೋ ಅದನ್ನೇ ಹತ್ತಿದೆವು. ಎದೆಯ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಏನೂ ಇಲ್ಲ. ಹೊಟ್ಟೆಗೆ ಹಾಕಿ ಮೊದಲು" ಎಂದು ಅಪ್ಪನ ಮೇಲೆ ರೇಗಿದರು. ಅಪ್ಪ ಆ ಎಕ್ಸ್‌ರೇಯನ್ನು ಗೌರಿಬಿದನೂರಿನವರೆಗೂ ಹೊತ್ತುಕೊಂಡು ಹೋಗಿ ತೋರಿಸಿ ಬಂದರು. ಅವರು ಕಾಫಿ ಕೊಟ್ಟು ಕಳಿಸಿದರಂತೆ. ಹುಡುಗ ಏನಂದ ಎಂದು ಕೇಳಿದೆ. ಒಳಗೇ ಇದ್ದನಂತೆ, ಹೊರಗೆ ಬರಲಿಲ್ಲವಂತೆ. ಆ ವರ್ಷವೇ ಅವನಿಗೆ ಬಾಗೇಪಲ್ಲಿ ಕಡೆಯ ಹೆಣ್ಣಾಯಿತು. ನನಗಿಂತ ದಪ್ಪಗಿದ್ದಳು ಎಂದು ನೋಡಿ ಬಂದವರು ಹೇಳಿದರು. ಹಾಳಾಗಿ ಹೋಗಲಿ.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಅಪ್ಪ ಗೌರಿಬಿದನೂರಿನಿಂದ ಬಂದ ಸಂಜೆ ಅಮ್ಮ ನನಗೆ ಮುದ್ದೆ ಬಡಿಸಿದಳು, ದೊಡ್ಡ ಮುದ್ದೆ, ಮೇಲೆ ತುಪ್ಪ. ಎಷ್ಟೋ ಕಾಲದ ಮೇಲೆ ಸೌಟು ಹಿಂದಕ್ಕೆ ಹೋಗಲಿಲ್ಲ. ನಾನು ಅಳುತ್ತಲೇ ಪೂರ್ತಿ ಉಂಡೆ. ಎದ್ದು ಹುಳುಗಳಿಗೆ ಸೊಪ್ಪು ಹಾಕಲು ಹೊರಟರೆ, "ಇರ್ಲಿ ಬಿಡಮ್ಮ, ನಾನೇ ಹಾಕ್ತೀನಿ" ಎಂದಳು. ಪ್ರೀತಿ ಎಂದುಕೊಂಡೆ.

ನೀರು ಕುಡಿಯಲು ಅಡಿಗೆಮನೆಗೆ ಹೋದಾಗ ಲೋಟಗಳ ಸಾಲಿನಲ್ಲಿ ನನ್ನದು ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ಬೋರಲು ಹಾಕಿತ್ತು, ಪಕ್ಕದಲ್ಲಿ ನನ್ನ ತಟ್ಟೆ.

"ಅಮ್ಮಾ, ಇದ್ಯಾಕೆ ಇಲ್ಲಿ?"

ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ಇದ್ದಳು. ನಾನು ಯಾಕೆ ಸೊರಗಿದೆ ಎಂದು ಈ ಭೂಮಿಯ ಮೇಲೆ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ.

"ಮನೇಲಿ ನಿನ್ ತಮ್ಮಂದಿರು ಸಣ್ಣವ್ರು ಕಣಮ್ಮಾ. ಒಂದಷ್ಟು ದಿನ, ಅಷ್ಟೆ."

ಆ ಲೋಟದಲ್ಲೇ ನೀರು ಕುಡಿದೆ. ತೊಳೆದು, ಅವಳು ಇಟ್ಟಿದ್ದ ಜಾಗದಲ್ಲೇ ಬೋರಲು ಹಾಕಿ ಹೊರಗೆ ಬಂದೆ.