ಟೀಚರು ಹೊಡೆದು ಹಾಕಿದ ಮಾತು

ಅಂಗನವಾಡಿ ಟೀಚರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟ ಕಲೆ. ಚರ್ಮ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಸೆರಗಿನಲ್ಲಿ ಮುಚ್ಚುತ್ತಿರಲಿಲ್ಲ. ಎಂತ ಆದದ್ದು ಅಂತ ಕೇಳಿದರೆ "ಅಪ್ಪ" ಅನ್ನುತ್ತಿದ್ದರು. ಅಷ್ಟೇ.

ನಾನು ಕುಂದಾಪುರದ ಗೇರುಬೀಜದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೀಜ ಸುಲಿದವಳು. ಕಲಿತದ್ದು ಎರಡನೇ ಕ್ಲಾಸು. ಟೀಚರು ರಿಟೈರಾದ ಮೇಲೆ ಭಾನುವಾರ ಮಧ್ಯಾಹ್ನ ಅಂಗನವಾಡಿಯ ಕಿಟಕಿಗೆ ಗೋಣಿ ಕಟ್ಟಿ ಗೋಡೆಯ ಮೇಲೆ ಸಿನಿಮಾ ಬಿಡುತ್ತಿದ್ದರು. ಎಲ್ಲ ಒಂದೇ ತರದ್ದು: ಚಿಕ್ಕಂದಿನಲ್ಲಿ ಮನೆಯವರಿಂದಲೇ ಹಿಂಸೆ ಅನುಭವಿಸಿ ಬದುಕಿ ಉಳಿದವರ ಕಥೆ. ಮುಗಿದ ಮೇಲೆ ಒಂದೊಂದು ಮನೆಯವರು ಒಟ್ಟಿಗೆ ಕೂರಬೇಕು. ಕಿರಿಯರು ಮೊದಲು ಮಾತಾಡಬೇಕು. ಹಿರಿಯರು ಅದನ್ನೇ ತಿರುಗಿ ಹೇಳಬೇಕು, ತಮ್ಮದೊಂದು ಮಾತೂ ಸೇರಿಸಬಾರದು. ನಡುವೆ ಬಾಯಿ ಹಾಕಿದ ಗಂಡಸರಿಗೆ, "ಹ್ವಾಯ್, ನಿಮ್ದೆಂತ ಕಾರ್ಖಾನಿ ಸೈರನ್ನಾ? ಒಂಚೂರ್ ನಿಲ್ಸಿ ಕಾಂಬ" ಅನ್ನುತ್ತಿದ್ದರು.

ಒಂದು ಭಾನುವಾರ ನನ್ನ ಮಗಳು ಬಾಯಿ ಬಿಟ್ಟಳು. "ನಂಗೆ ಎಂಟ್ ವರ್ಷ. ಮಾವ. ನಾ ಆಗ್ಳೇ ಹೇಳಿದ್ದೆ ಅಬ್ಬಿ, ನೀ ಬಾಯ್ ಮುಚ್ಚ್ ಅಂದೆ."

ಮಾವ ಅಂದರೆ ನನ್ನ ಅಣ್ಣ. ಅವಳು ಹೇಳಿದ್ದನ್ನು ನಾನು ತಿರುಗಿ ಹೇಳಬೇಕಿತ್ತು. ನನ್ನ ತಲೆ ಮದುವೆಯ ಕಡೆ ಓಡಿತು. ಅವಳಿಗೆ ಮದುವೆ ಗೊತ್ತಾಗಿತ್ತು. ನಮ್ಮದು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆ, ಸೋದರಮಾವ ಮುಂದೆ ನಿಲ್ಲದೆ ಧಾರೆ ಆಗುವುದಿಲ್ಲ. ಧಾರೆಗೆ ಆ ಮನುಷ್ಯ ಬೇಡ ಅಂದಳು. ಅದೊಂದನ್ನೇ ಕೇಳಿದ್ದು.

ನಾನು ಎಂತ ಮಾಡಿದೆ ಅಂದರೆ, ಸಿನಿಮಾವನ್ನು ನಂಬಿದೆ. ಅದರಲ್ಲಿ ಕೆಟ್ಟದ್ದು ಮಾಡಿದವನು ಕೊನೆಗೆ ಅಳುತ್ತಾನೆ, ಹುಡುಗಿ ಕ್ಷಮಿಸುತ್ತಾಳೆ, ಎಲ್ಲ ಸರಿಯಾಗುತ್ತದೆ. ಅಣ್ಣನನ್ನೂ ಒಂದು ವಾರ ಕರೆತಂದು ಕೂರಿಸಿ, ಒಂದು ಮಾತು ಕ್ಷಮೆ ಕೇಳಿಸಿದರೆ ಧಾರೆ ಸುಸೂತ್ರ ಅಂದುಕೊಂಡೆ. ಬಂದ. ಸಿನಿಮಾ ನೋಡಿ ಎಲ್ಲರ ಹಾಗೆ ಅತ್ತ. ಗೋಡೆಯ ಮೇಲಿನವನ ಹಾಗೆಯೇ ಮಗಳ ತಲೆಯ ಮೇಲೆ ಕೈಯಿಟ್ಟು "ತಪ್ಪಾಯ್ತ್ ಮಗಾ" ಅಂದ. ನಾನೂ ಸೇರಿಸಿದೆ, "ಕ್ಷಮ್ಸ್ ಮಗಾ, ಹಿರಿಯರಲ್ದಾ."

ಅವಳು ಆ ಕೈಯನ್ನು ಎತ್ತಿ ಬದಿಗಿಟ್ಟು ಎದ್ದು ಹೋದಳು. ಮದುವೆ ಮುರಿಯಿತು. ಮುಂಬಯಿಗೆ ಹೋದಳು, ನಂಬರು ಬದಲಿಸಿದಳು.

ಟೀಚರು ಭಾನುವಾರದ ಸಿನಿಮಾ ನಿಲ್ಲಿಸಿದರು. ಮನೆಗೆ ಬಂದು, ಅವನನ್ನು ಒಳಗೆ ಬಿಟ್ಟದ್ದು ತನ್ನದೂ ತಪ್ಪು ಅಂದರು. ನನಗೆ ಸಿಟ್ಟು. ನೀವು ನಿಮ್ಮ ಅಪ್ಪನನ್ನು ಕ್ಷಮಿಸಿದ್ದೀರಾ ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದೆ.

"ಇಲ್ಲೆ," ಅಂದರು. "ಸಿನ್ಮಾದಗೆ ಆತ್ತ್. ನಂಗ್ ಆಯಿಲ್ಲೆ."

ಮಗಳಿಗೆ ಒಂದು ಕಾಗದ ಬರೆದುಕೊಡಿ ಅಂದರೆ ಕೊಡಲಿಲ್ಲ. ನನ್ನ ಕೈಯಲ್ಲೇ ಬರೆಸಿದರು. ಅಕ್ಷರ ಮರೆತುಹೋಗಿತ್ತು, ಮೂರು ಸಾಲಿಗೆ ಹದಿನೈದು ದಿನ ಹಿಡಿಯಿತು. ನೀನು ಹೇಳಿದ್ದು ನಿಜ. ನಾನು ನಿನ್ನ ಬಾಯಿ ಮುಚ್ಚಿಸಿದೆ. ಕ್ಷಮಿಸು. ಟೀಚರು ಓದಿ ಕೊನೆಯದನ್ನು ಪೆನ್ನಿನಲ್ಲಿ ಹೊಡೆದು ಹಾಕಿದರು.

"ಇದ್ ಬ್ಯಾಡ. ಪುನಃ ಅವ್ಳ್ ಹತ್ರವೇ ಬೇಡುದ್ ಎಂತಕ್ಕೆ?"

ಮುಂಬಯಿಯಲ್ಲಿದ್ದ ಅವಳ ಗೆಳತಿಯ ವಿಳಾಸಕ್ಕೆ ಹಾಕಿದೆವು. ಉತ್ತರ ಇಲ್ಲ. ಆ ಮಳೆಗಾಲ ಕಳೆಯುವುದರೊಳಗೆ ಟೀಚರು ಹೃದಯ ನಿಂತು ಹೋದರು. ಮಗಳಿಗೆ ತಿಳಿಸಲು ನನ್ನಲ್ಲಿ ನಂಬರಿಲ್ಲ.

ಈಗ ಹಬ್ಬಕ್ಕೆ ಅಣ್ಣ ಬಂದು ಬಾಗಿಲು ತಟ್ಟಿದರೆ ನಾನು ತೆಗೆಯುವುದಿಲ್ಲ. ಟೀಚರು ಕಲಿಸಿದ್ದು ಅದು. ಮಗಳಿಗೆ ಎಂಟು ವರ್ಷ ಇದ್ದಾಗ ತೆಗೆಯದೆ ಇರಬೇಕಿತ್ತು.