ಮುಚ್ಚಳದ ಮೇಲೆ ಒಂದು ಮಗ್ ನೀರು

ನಮ್ಮ ಮನೆಗೆ ಕಿಟಕಿಯಿಲ್ಲ. ಕ್ಲಬ್ಬಿನ ಈಜುಕೊಳದ ಹಿಂದೆ, ಪಂಪಿನ ಕೋಣೆಗೆ ಅಂಟಿಕೊಂಡ ಒಂದೇ ಒಂದು ಕೋಣೆ ಅದು. ಹನ್ನೊಂದು ವರ್ಷ ಅಲ್ಲೇ ಅಡುಗೆ ಮಾಡಿದ್ದೇನೆ, ಅಲ್ಲೇ ಮಗಳನ್ನು ಸಾಕಿದ್ದೇನೆ, ಪಂಪಿನ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದೇನೆ. ಬಟ್ಟೆಗೆಲ್ಲ ಕ್ಲೋರಿನ್ ವಾಸನೆ, ಮಗಳಿಗೆ ಬಿಡದ ಕೆಮ್ಮು. ಈಜಲು ಬರುವ ಮಕ್ಕಳು ನನ್ನ ಗಂಡನನ್ನು ‘ಕ್ಲೋರಿನ್ ಮಾಮ’ ಎನ್ನುತ್ತಾರೆ. ಇವರಿಗೋ, ಅದೇನೋ ದೊಡ್ಡ ಬಿರುದು ಸಿಕ್ಕ ಹಾಗೆ ನಗು!

ಮನುಷ್ಯ ಕೆಟ್ಟವರಲ್ಲ. ಕೊಳ ನೋಡಿಕೊಳ್ಳುವ ಕೆಲಸದಲ್ಲಂತೂ ಎತ್ತಿದ ಕೈ. ಪಂಪಿನ ಸದ್ದು ಕೇಳಿಯೇ ಎಲ್ಲಿ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಸೋಸಿದ ನೀರು ಕೊಳಕ್ಕೆ ಮರಳುವ ಗೋಡೆಯ ತೂತುಗಳಿಂದ ನೀರಿನ ಜೊತೆ ಗುಳ್ಳೆ ಬರತೊಡಗಿದರೆ ಪಂಪು ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ ಎಂದರ್ಥ. ಗಾಳಿ ಹೊಕ್ಕ ಫಿಲ್ಟರು ಸರಿಯಾಗಿ ಸೋಸುವುದಿಲ್ಲ, ನೀರು ಮಸುಕಾಗುತ್ತದೆ. ಗಾಳಿ ಹೋಗುವ ಜಾಗ ಹುಡುಕಲು ನಮ್ಮಿಬ್ಬರದೇ ಒಂದು ಪದ್ಧತಿ ಇತ್ತು. ಇವರು ಒಳಗೆ ಪೈಪಿನ ಒಂದೊಂದು ಜೋಡಣೆಯ ಮೇಲೂ ಮಗ್ಗಿನಿಂದ ನೀರು ಸುರಿಯುತ್ತಾ ಬರುವುದು, ನಾನು ಹೊರಗೆ ಕೊಳದ ಅಂಚಿನಲ್ಲಿ ಕೂತು ಗುಳ್ಳೆ ಕಾಯುವುದು. ಸರಿಯಾದ ಜಾಗದ ಮೇಲೆ ನೀರು ಬಿದ್ದರೆ ಗಾಳಿಯ ದಾರಿ ಮುಚ್ಚಿ, ಗುಳ್ಳೆ ಒಂದು ಗಳಿಗೆ ನಿಲ್ಲುತ್ತದೆ. ತಕ್ಷಣ ನಾನು “ನಿಂತಿತು!” ಎಂದು ಕೂಗಬೇಕು. ಮದುವೆಯಾದ ಹೊಸದರಲ್ಲಿ ಬೇರೆಯವರೆಲ್ಲ ಸಿನಿಮಾಕ್ಕೆ ಹೋಗುತ್ತಿದ್ದರು, ನಾವು ಗುಳ್ಳೆ ಹುಡುಕುತ್ತಿದ್ದೆವು.

ಈ ತಿಂಗಳು ನನಗೊಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಎರಡು ಕೋಣೆಯ ಮನೆ, ಮೂರು ಕಿಟಕಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಸೇರಿದರೆ ಮಾತ್ರ ಮನೆ. ಇವರಿಗೆ ಗೇಟು ಕಾಯುವ ಕೆಲಸ. ಹಳೆಯ ಕೆಲಸ ಬಿಟ್ಟ ಪತ್ರ ಹಿಡಿದು, ಹತ್ತು ಹನ್ನೆರಡು ದಿನ ಬಿಟ್ಟು ಬರುವ ಸೋಮವಾರದೊಳಗೆ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಇವರು ಹೂಂ ಎಂದರು. ನಾನು ಅವತ್ತೇ ಪಾತ್ರೆ ಪಡಗ ಕಟ್ಟತೊಡಗಿದೆ. ಮರುದಿನ ನೋಡಿದರೆ ಕೊಳದ ತುಂಬ ಗುಳ್ಳೆ, ನೀರು ಅಕ್ಕಿ ತೊಳೆದ ಅಕ್ಕಚ್ಚಿನ ಹಾಗೆ.

ಕ್ಲಬ್ಬಿನ ಮ್ಯಾನೇಜರ್ ಮೂಗು ಮುಚ್ಚಿಕೊಂಡು ನಮ್ಮ ಬಾಗಿಲಲ್ಲೇ ನಿಂತರು. “ಕೊಳದ ತಳ ಕಾಣಿಸೋವರೆಗೆ ಪತ್ರ ಗಿತ್ರ ಏನೂ ಕೇಳಬೇಡಿ,” ಎಂದು ಹೇಳಿ ಹೊರಟೇಹೋದರು.

ಒಂದು ವಾರ ಇವರು ಮಾಡದ ಕೆಲಸವಿಲ್ಲ. ಕ್ಲೋರಿನ್ ಹಾಕಿದರು, ಫಿಲ್ಟರಿನ ಮರಳು ತೊಳೆದರು, ಪುಟ್ಟ ಗಾಜಿನ ಕೊಳವೆಯಲ್ಲಿ ನೀರಿನ ಬಣ್ಣ ನೋಡಿ ನೋಡಿ ತಲೆಯಾಡಿಸಿದರು. ನೀರು ಜಪ್ಪಯ್ಯ ಅನ್ನಲಿಲ್ಲ. ನಾನು ಗಂಟುಮೂಟೆಗಳ ನಡುವೆ ಕೂತು ನೀರಿಗೂ ಮ್ಯಾನೇಜರಿಗೂ ನನ್ನ ಹಣೆಬರಹಕ್ಕೂ ಒಟ್ಟಿಗೇ ಶಾಪ ಹಾಕಿದೆ. ನಾಲ್ಕು ಗೋಡೆ ನಾಲ್ಕು ಕಡೆಯಿಂದ ಒತ್ತಿ ಬಂದಂತಾಗಿ ಉಸಿರು ಕಟ್ಟುತ್ತಿತ್ತು. ಗುರುವಾರ ಬೆಳಿಗ್ಗೆ ಪಾತ್ರೆ ತಿಕ್ಕುತ್ತಿದ್ದಾಗ ಥಟ್ಟನೆ ಹೊಳೆಯಿತು. ಅಲ್ಲ, ಇಷ್ಟು ದಿನದಲ್ಲಿ ಇವರು ಒಂದು ಸಲವೂ ನನ್ನನ್ನು ಗುಳ್ಳೆ ನೋಡಲು ಕರೆದಿಲ್ಲವಲ್ಲ?

“ರೀ, ಆ ಮಗ್ ಕೊಡಿ ಇಲ್ಲಿ. ನಾನು ನೀರು ಸುರೀತೀನಿ, ನೀವು ಹೋಗಿ ಗುಳ್ಳೆ ನೋಡಿ.”

“ನಿನಗ್ಯಾಕೆ ಇಲ್ಲದ ಉಸಾಬರಿ? ಅದೆಲ್ಲ ನೋಡಾಯ್ತು.”

“ಯಾರ ಜೊತೆ ನೋಡಿದ್ರಿ?”

ಇವರು ಮಗ್ ನನ್ನ ಕೈಗಿತ್ತು ಹೊರಗೆ ಹೋದರು.

ಪೈಪಿನ ಜೋಡಣೆಗಳ ಮೇಲೆ ಒಂದೊಂದಾಗಿ ನೀರು ಸುರಿದೆ. ಪ್ರತಿ ಸಲ “ಈಗ?” ಎಂದು ನಾನು, “ಇಲ್ಲ” ಎಂದು ಅವರು. ಕೊನೆಗೆ ಉಳಿದದ್ದು ಪಂಪಿನ ಮುಂದೆ ನೀರಿನ ಕಸ ಹಿಡಿಯುವ ಬುಟ್ಟಿಯ ಮುಚ್ಚಳ. ಅದು ಗಾಜಿನಂತೆ ಒಳಗಿನದು ಕಾಣುವ ಮುಚ್ಚಳ. ಕೆಳಗೆ ನೀರು ನೊರೆನೊರೆಯಾಗಿ ಕುದಿಯುತ್ತಿತ್ತು. ಕಿವಿ ಹತ್ತಿರ ತಂದರೆ ಸುಯ್ ಎನ್ನುವ ಸಣ್ಣ ಸದ್ದು. ಅದರ ಅಂಚಿಗೆ ಒಂದು ಮಗ್ ನೀರು ಹೊಯ್ದೆ. ಸದ್ದು ನಿಂತಿತು. ಒಳಗಿನ ನೊರೆ ಇಳಿಯಿತು.

“ಈಗ?”

“ಇಲ್ಲ ಕಣೇ. ಬರ್ತಾನೇ ಇದೆ.”

ಇಲ್ಲಿ ಗಾಳಿ ನಿಂತ ಮೇಲೆ ಅಲ್ಲಿ ಗುಳ್ಳೆ ಬರುವುದುಂಟೇ? ಮತ್ತೊಂದು ಮಗ್ ಹೊಯ್ದೆ, ಒಂದೇ ಸಮನೆ ಹೊಯ್ಯುತ್ತಲೇ ಇದ್ದೆ. “ಈಗ?” ಎಂದೆ. “ಇಲ್ಲ” ಎಂದರು.

ಪಂಪು ನಿಲ್ಲಿಸಿದೆ, ವಾಲ್ವು ಮುಚ್ಚಿದೆ, ಮುಚ್ಚಳ ತಿರುಗಿಸಿ ತೆಗೆದೆ. ಅದರ ಕೆಳಗಿನ ರಬ್ಬರ್ ರಿಂಗು ಸವೆದಿರಲಿಲ್ಲ, ಹಳೆಯದಾಗಿಯೂ ಇರಲಿಲ್ಲ. ಒಂದು ಕಡೆ ಬ್ಲೇಡಿನಿಂದ ನೀಟಾಗಿ ಗೀರಿದ ಗುರುತಿತ್ತು. ತಲೆಯೆತ್ತಿದರೆ ಇವರು ಬಾಗಿಲಲ್ಲಿ ನಿಂತಿದ್ದರು.

“ನೀವೇನಾ?”

ಇವರು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. “ಗೇಟು ಕಾಯೋಕೆ ನಂಗೆ ಬರಲ್ಲ ಕಣೇ. ಇಲ್ಲಿ ಪಂಪು ಕೆಮ್ಮಿದ್ರೂ ನಂಗೆ ಗೊತ್ತಾಗುತ್ತೆ. ಅಲ್ಲಿ ನಾನು ಯಾರು?”

“ಪಂಪು ಕೆಮ್ಮಿದ್ದು ಗೊತ್ತಾಗುತ್ತೆ. ಮಗಳು ಕೆಮ್ಮಿದ್ದು?”

ಮೈಯೆಲ್ಲ ಉರಿಯುತ್ತಿತ್ತು. ಆ ರಿಂಗನ್ನು ಮುಖಕ್ಕೆ ಎಸೆಯಬೇಕೆನಿಸಿತು. ಜೊತೆಗೆ, ಹಾಳಾದ್ದು, ಕನಿಕರವೂ ಬಂತು. ಇಷ್ಟು ವರ್ಷ ಈ ಕೋಣೆಯಲ್ಲಿ ಸಿಕ್ಕಿಬಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಇವರು ಎದ್ದು ಸಾಮಾನಿನ ಪೆಟ್ಟಿಗೆಯಿಂದ ಕವರೂ ಒಡೆಯದ ಹೊಸ ರಿಂಗು ತೆಗೆದರು, ಗ್ರೀಸು ಸವರಿ ಕೂರಿಸಿದರು. ಬುಟ್ಟಿಗೆ ನೀರು ತುಂಬಿ, ಮುಚ್ಚಳ ಬಿಗಿದು, ವಾಲ್ವು ತೆರೆದು ಪಂಪು ಹಾಕಿದರು. “ಹೋಗಿ ನೋಡು,” ಎಂದರು.

“ನಾನು ಹೋಗಲ್ಲ. ನೀವೇ ನೋಡಿ ಹೇಳಿ.”

ಇವರು ಹೋದರು. ನಾನು ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತೆ. ಇಂದು ಗಾಳಿ ನಿಂತರೆ ಶನಿವಾರದ ಹೊತ್ತಿಗೆ ಕೊಳದ ತಳ ಕಾಣುತ್ತದೆ, ಅಷ್ಟು ನನಗೂ ಗೊತ್ತು. ಆದರೆ ಇವರು ಈಗಲೂ ಇಲ್ಲ ಎಂದುಬಿಟ್ಟರೆ ಇವರಿಗೆ ಬರುವ ಮನಸ್ಸಿಲ್ಲ ಎಂದೇ ಅರ್ಥ, ಇವರು ಬಾರದೆ ಆ ಮನೆಯೂ ಸಿಗದು. “ಈಗ?” ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಪಂಪು ಒಂದೇ ಸಮನೆ ಓಡುತ್ತಿತ್ತು.

“ನಿಂತಿತು,” ಎಂದರು ಇವರು. ಕೂಗಲಿಲ್ಲ, ಮೆಲ್ಲಗೆ ಹೇಳಿದರು. ಇನ್ನೊಂದು ಸಲ ಹೇಳಿದರು, “ನಿಂತಿತು ಕಣೇ.”

ನಾನು ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದೆ, ಮೊದಲು ಮಗಳದು.