ಗುಂಡಗುರ್ತಿಗೆ ಹೋಗದ ಚೀಟಿ

೧೯೫೩ರಲ್ಲಿ ನಾನು ಚಿತ್ತಾಪುರದ ಒಂದು ಹೆರಿಗೆ ಕೇಂದ್ರದಲ್ಲಿ ಲೇಡಿ ಹೆಲ್ತ್ ವಿಸಿಟರ್ ಆಗಿದ್ದೆ. ಆಗಿನ್ನೂ ನಮ್ಮದು ಹೈದರಾಬಾದ್ ರಾಜ್ಯ. ಸುತ್ತಲಿನ ಹಳ್ಳಿಗಳ ಬಸುರಿಯರ ಪಟ್ಟಿ ಇಡುವುದು, ಯಾರನ್ನು ಯಾವಾಗ ಡಾಕ್ಟರ ಹತ್ತಿರ ಕರೆಸಬೇಕೆಂದು ನೋಡಿಕೊಳ್ಳುವುದು, ಹೆರಿಗೆಯಾದ ಮೇಲೆ ಮನೆಗೆ ಹೋಗಿ ವಿಚಾರಿಸುವುದು ನನ್ನ ಡ್ಯೂಟಿ. ವಯಸ್ಸು ಇಪ್ಪತ್ನಾಲ್ಕು. ಶಹಾಬಾದ ಕಲ್ಲು ಹಾಸಿದ ಒಂದು ಕೋಣೆಯ ಕ್ವಾರ್ಟರ್ಸ್‌ನಲ್ಲಿ ಒಬ್ಬಳೇ ಇದ್ದೆ. ಭಾನುವಾರ ಹೊತ್ತು ಹೋಗದಿದ್ದಾಗ ಮುಂದಿನ ವಾರದ ರಿಜಿಸ್ಟರಿಗೆ ಸ್ಕೇಲ್ ಹಿಡಿದು ಗೆರೆ ಹಾಕುತ್ತಿದ್ದೆ.

ತಂದೆ ವಾಡಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದರು. ಆರನೇ ವಯಸ್ಸಿಗೇ ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಹಾಕಿದ್ದರಿಂದ ಇಂಗ್ಲಿಷ್ ಹ್ಯಾಂಡ್‌ರೈಟಿಂಗ್ ಮುತ್ತಿನಂತಿತ್ತು. ಕನ್ನಡ ಮಾತ್ರ ಅಮ್ಮನ ಅಡುಗೆಮನೆಯಲ್ಲಿ ಕಲಿತದ್ದು. ಮಾತಾಡುತ್ತಿದ್ದೆ, ಬರೆಯಲು ಕೂತರೆ ಒತ್ತಕ್ಷರ ತಪ್ಪುತ್ತಿತ್ತು. ಕನ್ನಡದಲ್ಲಿ ಬರೆಯಬೇಕಾದ ಪ್ರತಿಯೊಂದನ್ನೂ ‘ಸಾವಕಾಶ ಕೂತು, ನೀಟಾಗಿ ಬರೆಯೋಣ’ ಎಂದು ಮುಂದೂಡುತ್ತಿದ್ದೆ. ನಾಚಿಕೆಯಿಂದ ಹುಟ್ಟಿದ ಈ ಚಟವನ್ನು ನಾನು ಶಿಸ್ತೆಂದೇ ತಿಳಿದಿದ್ದೆ.

ನಮ್ಮ ಡಾಕ್ಟರ್ ಸಕೀನಾ ಹೈದರಾಬಾದಿನವರು. ಪಟ್ಟೇವಾಲಾ, ಅಂದರೆ ಕೇಂದ್ರದ ಜವಾನ, ರಸೂಲನಿಂದ ಕನ್ನಡ ಕಲಿಯುತ್ತಿದ್ದರು. ‘ಅಚ್ಛಾ’ಕ್ಕೆ ‘ಛಲೋ’, ‘ಹೋ ಗಯಾ’ಕ್ಕೆ ‘ಆಯ್ತು’ ಎಂದು ಅವನು ಬಾಯಿಪಾಠ ಮಾಡಿಸಿದ್ದ.

ಆ ಬೇಸಿಗೆಯಲ್ಲಿ ಗುಂಡಗುರ್ತಿಯಿಂದ ಶಾಂತವ್ವ ಎಂಬ ಬಸುರಿ ಅತ್ತೆಯೊಂದಿಗೆ ಬಂದಳು. ಏಳನೇ ತಿಂಗಳು. ಕೂಸು ಟ್ರಾನ್ಸ್‌ವರ್ಸ್ ಲೈ, ಅಂದರೆ ತಲೆ ಕೆಳಗಿರದೆ ಹೊಟ್ಟೆಯಲ್ಲಿ ಅಡ್ಡವಾಗಿತ್ತು. ಅತ್ತೆ ನಿಂಗವ್ವ ನಕ್ಕಳು. “ನಮ್ಮ ಮನ್ಯಾಗಿನ ಗಂಡಸರು ಪಡಸಾಲ್ಯಾಗ ಅಡ್ಡ ಬೀಳ್ತಾರಲ್ರಿ, ಇದೂ ಹಂಗೇ ಕಲ್ತದ.”

ತಾನಾಗಿಯೇ ತಿರುಗಬಹುದು, ತಿರುಗದಿದ್ದರೆ ನೋವು ಶುರುವಾಗುವ ಮೊದಲೇ ಇಲ್ಲಿಗೆ ಬಂದಿರಬೇಕು ಎಂದರು ಡಾಕ್ಟರ್. ಊರಿನ ಸೂಲಗಿತ್ತಿ ಮುಟ್ಟಿ ನೋಡಿ ಸುದ್ದಿ ಕಳಿಸಲಿ, ಆಮೇಲೆ ನಾವು ಚೀಟಿ ಬರೆಯುತ್ತೇವೆ ಎಂದು ಠರಾವಾಯಿತು.

“ಚೀಟಿ ಬಂದ ದಿನಾನೇ ಗಾಡಿ ಕಟ್ತೀವ್ರಿ ಬಾಯಾರ,” ಎಂದಳು ನಿಂಗವ್ವ. “ಸುಮ್ಮಸುಮ್ಮನ ಬಿತ್ತೋ ಟೈಮಿನ್ಯಾಗ ಎತ್ತು ಬಿಡಸಾಕ ಆಗಂಗಿಲ್ಲ.”

ಎರಡು ತಿಂಗಳಾಗುತ್ತ ಬಂದಾಗ ಒಂದು ಸೋಮವಾರ ಸೂಲಗಿತ್ತಿಯ ಸುದ್ದಿ ಬಂತು. ಕೂಸು ಇನ್ನೂ ಅಡ್ಡವೇ ಇತ್ತು. ಕೂಡಲೇ ಬಂದು ಇಲ್ಲೇ ಉಳಿಯುವಂತೆ ಚೀಟಿ ಬರೆಯಲು ಡಾಕ್ಟರ್ ಹೇಳಿದರು. ನಾನು “ಆಯ್ತು ಡಾಕ್ಟರ್” ಎಂದೆ. ಬರೆಯುತ್ತೇನೆ ಎಂಬ ಅರ್ಥದಲ್ಲಿ.

ಬರೆದೆ. ‘ತಕ್ಷಣ’ದ ಒತ್ತು ಅಸಹ್ಯವಾಗಿ ಬಿತ್ತು, ಹರಿದೆ. ಇನ್ನೊಂದು ಬರೆದೆ, ಹರಿದೆ. ಬಾಗಿಲಲ್ಲಿ ನಿಂತಿದ್ದ ರಸೂಲ್ “ಬಾಯಾರು ಚೀಟಿ ಬರ್ಯಾಕತ್ತಾರೋ, ಲಗ್ನಪತ್ರಿಕಿ ಬರ್ಯಾಕತ್ತಾರೋ” ಎಂದ. ನನಗೆ ಸಿಟ್ಟು ಬಂತು. ಪೆನ್ ಮುಚ್ಚಿ ತಿಂಗಳ ರಿಪೋರ್ಟಿನ ಫೇರ್ ಕಾಪಿಗೆ ಕೂತೆ. ಅದು ಇಂಗ್ಲಿಷಿನಲ್ಲಿತ್ತು, ಸರಾಗವಾಗಿ ಸಾಗಿತು. ಅಂದು ಸಂಜೆ ಭಾಳ ಕೆಲಸ ಮಾಡಿದ ಸಮಾಧಾನವೇ ಇತ್ತು.

ಗುರುವಾರ ಸಂತೆ. ರಸೂಲ್ ಬಂದು ಕೇಳಿದ, “ಗುಂಡಗುರ್ತಿ ಗಾಡಿ ಹೊಂಟದ್ರಿ. ಚೀಟಿ ಕೊಡ್ತೀರೇನು?”

“ಮುಂದಿನ ಸಂತೆಗೆ ಕೊಡೋಣ,” ಎಂದೆ.

ಶುಕ್ರವಾರ ಡಾಕ್ಟರ್ ಪುಸ್ತಕ ತೆರೆದು ಕೇಳಿದರು, “ಗುಂಡಗುರ್ತಿ ಚೀಟಿ?”

“ಆಯ್ತು ಡಾಕ್ಟರ್.”

ಅವರು ಕೆಂಪು ಪೆನ್ಸಿಲಿನಿಂದ ಟಿಕ್ ಹಾಕಿದರು. ನಾನು ನೋಡಿದೆ. ಮುಂದಿನ ರಿಜಿಸ್ಟರ್ ಅವರ ಮುಂದಿಟ್ಟೆ.

ಮರು ಬುಧವಾರ ಮಧ್ಯಾಹ್ನ, ಸುರಿಯುವ ಮಳೆಯಲ್ಲಿ ಗಾಡಿ ಬಂತು. ಹಿಂದಿನ ದಿನ ಬೆಳಗ್ಗೆಯೇ ನೀರು ಒಡೆದಿತ್ತು. ಹಳ್ಳ ತುಂಬಿದ್ದರಿಂದ ಇಳಿಯುವ ತನಕ ಆಚೆ ದಂಡೆಯಲ್ಲೇ ಕಾದಿದ್ದರು. ಡಾಕ್ಟರ್ ಎರಡು ತಾಸು ಹೆಣಗಿದರು. ಶಾಂತವ್ವ ಉಳಿದಳು. ಹೆಣ್ಣುಕೂಸು ಉಸಿರಾಡಲಿಲ್ಲ.

ನಿಂಗವ್ವ ಹೊರಗೆ ಒದ್ದೆ ಸೆರಗು ಹಿಂಡುತ್ತ ಡಾಕ್ಟರನ್ನು ಕೇಳಿದಳು, “ಚೀಟಿ ಯಾಕ ಕಳಸಲಿಲ್ರಿ ತಾಯಿ?” ಡಾಕ್ಟರ್ ಒಳಗೆ ಬಂದು ಕೈ ತೊಳೆಯತೊಡಗಿದರು.

“ಆಯ್ತು ಅಂದಿ ನೀ,” ಎಂದರು ನನಗೆ.

“ಆಯ್ತು ಅಂದ್ರೆ... ಬರೀತೀನಿ ಅಂತಲೂ ಅರ್ಥ, ಡಾಕ್ಟರ್.”

ಅವರು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. “ಹಂಗಾರ, ಆಗದೇ ಇದ್ದದ್ದಕ್ಕ ನಿಮ್ಮಲ್ಲಿ ಏನಂತಾರ?”

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ಸೋಮವಾರದ ‘ಆಯ್ತು’ವಿಗೆ ಎರಡು ಅರ್ಥವಿತ್ತು, ಒಪ್ಪುತ್ತೇನೆ. ಶುಕ್ರವಾರದ್ದಕ್ಕೆ ಆ ನೆಪವೂ ಇರಲಿಲ್ಲ.

ನಾಲ್ಕನೆಯ ದಿನ ಶಾಂತವ್ವನ ಮಂಚದ ಹತ್ತಿರ ಕೂತು ಎಲ್ಲ ಹೇಳಿದೆ. ಚೀಟಿ ಬರೆಯದೇ ಇದ್ದವಳು ನಾನು, ಡಾಕ್ಟರದ್ದೇನೂ ತಪ್ಪಿಲ್ಲ ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

“ನಮ್ಮತ್ತಿ ದಿನಾ ಊರ ಅಗಸಿ ಬಾಗಲ ತನಕ ಹೋಗಿ ನೋಡ್ತಿದ್ಳರಿ, ಯಾರರೆ ಚೀಟಿ ತಂದಾರೇನಂತ.”

ಅಷ್ಟೇ. ಮರುದಿನ ಗಾಡಿ ಹತ್ತುವಾಗ ಎಲ್ಲರಿಗೂ “ಬರ್ತೀನ್ರಿ” ಎಂದಳು. ನನ್ನ ಮುಂದೆ ನಿಂತು, “ಹೋಗ್ತೀನಿ” ಎಂದಳು.

ಆಮೇಲೆ ನಾನು ಚೀಟಿಗಳನ್ನು ನಿಂತಲ್ಲೇ ಬರೆದು, ಮತ್ತೆ ಓದದೆ ರಸೂಲನ ಕೈಗೆ ಕೊಡತೊಡಗಿದೆ. “ಬಾಯಾರ, ಈ ಕೂಸಿಗೆ ಕೊಂಬಿಲ್ಲ,” ಎಂದು ಅಕ್ಷರಕ್ಕೆ ಬೆರಳಿಟ್ಟು ಅವನು ನಕ್ಕರೆ, “ಇರಲಿ, ಒಯ್ಯಿ” ಎನ್ನುತ್ತಿದ್ದೆ. ಮಾಡದ ಕೆಲಸಕ್ಕೆ ‘ಆಯ್ತು’ ಅನ್ನುವುದನ್ನು ಬಿಟ್ಟೆ. ಯಾರು ಏನು ಕೇಳಿದರೂ “ಇನ್ನೂ ಆಗಿಲ್ಲ” ಎನ್ನುತ್ತಿದ್ದೆ. ನಮ್ಮ ಕಡೆ ಇದು ಒರಟು ಮಾತು. ಕುಪ್ಪಸ ಹೊಲಿಯುವುದಕ್ಕೋ ಹಪ್ಪಳ ಒತ್ತುವುದಕ್ಕೋ ಕರೆಯುತ್ತಿದ್ದ ಪಕ್ಕದ ಮನೆಯ ಮಾಸ್ತರ ಹೆಂಡತಿ, “ಆಯ್ತು ಅಂದ್ರ ನಿಮ್ಮ ಗಂಟೇನು ಹೋಗ್ತದ್ರಿ, ಮೇಡಂ?” ಎಂದು ಒಮ್ಮೆ ಕೇಳಿದಳು. ಕ್ರಮೇಣ ಕರೆಯುವುದನ್ನೇ ಬಿಟ್ಟಳು. ಕೆಲಸ ಹೊತ್ತಿಗೆ ಮುಗಿಯುತ್ತಿತ್ತು. ಮುಗಿದ ಮೇಲಿನ ಸಂಜೆಗಳು ಮಾತ್ರ ಬಹಳ ಉದ್ದವಾದವು.

೧೯೫೫ರಲ್ಲಿ ಶಾಂತವ್ವ ಮತ್ತೆ ಬಸುರಿ ಎಂದು ಸೂಲಗಿತ್ತಿ ಹೇಳಿ ಕಳಿಸಿದಳು. ಅವಳು ಚಿತ್ತಾಪುರದ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲೇ ಎರಡು ಚೀಟಿ ಬರೆದೆ. ಒಂದು ಶಹಾಬಾದದ ಡಾಕ್ಟರಿಗೆ, ಇನ್ನೊಂದು ಅವಳಿಗೆ: ‘ಇಲ್ಲಿಗೆ ಬರುವುದು ಬೇಡ. ಮಳೆಗೆ ಮೊದಲೇ ಶಹಾಬಾದಕ್ಕೆ ಹೋಗಿರಿ. ಅಲ್ಲಿ ತಿಳಿಸಿದ್ದೇನೆ.’ ಎರಡರಲ್ಲೂ ತಪ್ಪುಗಳಿದ್ದವು.

ಅವಳಿಂದ ಉತ್ತರ ಬರಲಿಲ್ಲ. ತಿಂಗಳುಗಳ ಮೇಲೆ ಶಹಾಬಾದದಿಂದ ಬಂದ ಹೆರಿಗೆಗಳ ಪಟ್ಟಿಯಲ್ಲಿ ಅವಳ ಹೆಸರು ಓದಿದೆ. ತಾಯಿ ಕ್ಷೇಮ, ಗಂಡುಮಗು ಕ್ಷೇಮ.

ಕೆಲಸ ಆಯಿತೋ ಇಲ್ಲವೋ ಎಂದು ಹೇಳುವ ಹಕ್ಕು ಅದನ್ನು ಮಾಡುವವರಿಗಿಲ್ಲ, ಅದಕ್ಕಾಗಿ ಕಾದು ಕೂತವರಿಗಿದೆ. ನನ್ನ ಸರ್ವೀಸು ನನಗೆ ಕಲಿಸಿದ್ದು ಇಷ್ಟು. ‘ಆಯ್ತು’ ಎಂದು ಶಾಂತವ್ವ ನನಗೆ ಹೇಳಿ ಕಳಿಸಲಿಲ್ಲ. ಹೇಳಲಿ ಎಂದು ನಾನೂ ಕಾಯಬಾರದಿತ್ತು. ಆದರೂ ಕೆಲವು ವರ್ಷ ಕಾದೆ.